ಹಕ್ಕಿಗಳ ಪಂಚಾಂಗ

ಬಯಲುಸೀಮೆಯ ರೈತನ ಮನೆಯ ಗೋಡೆಯಲ್ಲಿ ತೂಗುವ ಪಂಚಾಂಗದಲ್ಲಿ ಮಳೆಯ ನಕ್ಷತ್ರಗಳಿಗೆಲ್ಲ ದಿನ ಗೊತ್ತಾಗಿರುತ್ತದೆ. ರೋಹಿಣಿ, ಮೃಗಶಿರ, ಆರಿದ್ರೆಗಳಿಂದ ಹಿಡಿದು ಸ್ವಾತಿ, ವಿಶಾಖೆಗಳವರೆಗೆ ಯಾವ ಮಳೆ ಎಂದು ಹುಟ್ಟುತ್ತದೆ, ಎಂದು ತೀರುತ್ತದೆ ಎಂಬುದನ್ನು ಅದು ವರ್ಷಾರಂಭದಲ್ಲಿಯೇ ಹೇಳಿಬಿಡುತ್ತದೆ. ಹೇಳಿದ ದಿನ ಮಳೆ ಹುಯ್ಯಲೇಬೇಕೆಂಬ ಕಟ್ಟಳೆ ಮಾತ್ರ ಇಲ್ಲವಷ್ಟೆ. ಅದೇ ಊರಿನ ಕೆರೆಯಂಗಳದಲ್ಲಿ, ಹೊಲದ ಬದುವಿನಲ್ಲಿ, ತೆಂಗಿನ ತೋಟದಲ್ಲಿ ಇನ್ನೊಂದು ಪಂಚಾಂಗವುಂಟು. ಅದನ್ನು ಯಾರೂ ಬರೆದಿಲ್ಲ, ಯಾರೂ ಅಚ್ಚು ಹಾಕಿಸಿಲ್ಲ. ಅದರ ಪುಟಗಳನ್ನು ಮಗುಚುವವು ಹಕ್ಕಿಗಳು. ಓದಲು ಬೇಕಾದುದು ಎರಡು ಕಣ್ಣು, ಒಂದಿಷ್ಟು ತಾಳ್ಮೆ, ಬರೆದಿಡಲು ಒಂದು ಹಳೆಯ ನೋಟುಪುಸ್ತಕ.

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ನಡುವಣ ನೆಲ ಈ ಓದಿಗೆ ಬಹಳ ಅನುಕೂಲವಾದದ್ದು. ಅಲ್ಲಿ ಮಲೆನಾಡಿನ ದಟ್ಟವಾದ ಕಾಡಿಲ್ಲ; ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ರಿಂದ ೭೦೦ ಮಿಲಿಮೀಟರು. ಅದರಲ್ಲಿಯೂ ಹೆಚ್ಚಿನ ಪಾಲು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ತುಮಕೂರಿಗೆ ಸಮೀಪದಲ್ಲಿ ಸುಮಾರು ೧,೨೦೦ ಮೀಟರು ಎತ್ತರಕ್ಕೆ ಎದ್ದು ನಿಂತಿರುವ ದೇವರಾಯನದುರ್ಗದ ಬೆಟ್ಟಸಾಲು ಈ ಸೀಮೆಗೆ ನೆತ್ತಿಯಿದ್ದಂತೆ. ಶಿಂಷಾ ನದಿ ಹುಟ್ಟುವುದು ಅಲ್ಲಿಯೇ, ಜಯಮಂಗಲಿಯೂ ಅಲ್ಲಿಯದೇ. ಜಯಮಂಗಲಿ ಉತ್ತರಕ್ಕೆ ಮುಖಮಾಡಿದರೆ, ಶಿಂಷೆ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಮದ್ದೂರಿನತ್ತ ಸಾಗಿ ಕೊನೆಗೆ ಕಾವೇರಿಯನ್ನು ಸೇರುತ್ತದೆ. ಕೊಕ್ಕರೆಗಳಿಗೂ ಹೆಜ್ಜಾರ್ಲೆಗಳಿಗೂ ಹೆಸರಾದ ಕೊಕ್ಕರೆ ಬೆಳ್ಳೂರು ಇದೇ ಶಿಂಷೆಯ ಸಮೀಪದ ಊರು. ಬೆಟ್ಟ, ಕುರುಚಲು ಕಾಡು, ಹುಲ್ಲುಗಾವಲು, ರಾಗಿಯ ಹೊಲ, ತೆಂಗು ಅಡಕೆಗಳ ತೋಟ, ಇವುಗಳ ನಡುವೆ ಸರಪಣಿಯಂತೆ ಹಬ್ಬಿದ ಕೆರೆಗಳು: ಒಂದು ದಿನದ ನಡಿಗೆಯೊಳಗೆ ಇಷ್ಟು ಬಗೆಯ ನೆಲೆಗಳು ದೊರೆಯುವುದರಿಂದಲೇ ಇಲ್ಲಿನ ಹಕ್ಕಿಗಳ ಬಗೆಗಳೂ ಹಲವು.

ಈ ಪಂಚಾಂಗದ ಮೊದಲ ಪುಟವನ್ನು ಯುಗಾದಿಯಿಂದ ತೆರೆಯುವುದಕ್ಕಿಂತ ಮೊದಲ ಮಳೆಯಿಂದ ತೆರೆಯುವುದು ಉಚಿತ. ಮೇ ತಿಂಗಳಿನ ಒಂದು ಸಂಜೆ ಗುಡುಗು ಸಿಡಿಲಿನೊಡನೆ ಮಳೆ ಹುಯ್ದು ನೆಲ ನೆನೆಯಿತೆಂದರೆ, ಹುತ್ತದ ಬಾಯಿಂದ ಈಸಲು ಹುಳುಗಳು ಹೊಗೆಯಂತೆ ಮೇಲೇಳುತ್ತವೆ. ಆ ಒಂದು ಗಳಿಗೆಗೆ ಊರಿನ ಜೀವಜಂತುಗಳೆಲ್ಲ ಕಾದಿದ್ದಂತೆ ತೋರುತ್ತದೆ. ತಂತಿಯ ಮೇಲಿನ ಕಾಜಾಣ ಜಿಗಿಜಿಗಿದು ಹಿಡಿಯುತ್ತದೆ. ಗರುಡ ಹದ್ದುಗಳು ಗಾಳಿಯಲ್ಲಿಯೇ ಕಾಲಿನಿಂದ ಹಿಡಿದು ಬಾಯಿಗಿಡುತ್ತವೆ. ಕತ್ತಲಾದರೆ ಹಾಲಕ್ಕಿಗಳ ಸರದಿ. ನೆಲದ ಮೇಲೆ ಕಪ್ಪೆ, ಓತಿ, ಮುಂಗುಸಿಗಳ ಊಟ ಬೇರೆ. ಬೆಟ್ಟದ ಕರಡಿಗೂ ಗೆದ್ದಲೆಂದರೆ ಹಬ್ಬವೇ. ಮಳೆಯಿಂದ ಬದುಕುವವನು ಮನುಷ್ಯನೊಬ್ಬನೇ ಎಂದು ತಿಳಿದವರು ಇಂಥ ಒಂದು ಸಂಜೆಯನ್ನು ಹುತ್ತದ ಬಳಿ ಕಳೆಯಬೇಕು.

ಆರಿದ್ರೆಯ ಹೊತ್ತಿಗೆ ನೆತ್ತಿಯ ಮೇಲೆ ಜುಟ್ಟು ಹೊತ್ತ ಕಪ್ಪು ಬಿಳುಪಿನ ಚಾತಕ ಬೇಲಿಸಾಲಿನಲ್ಲಿ ಕೂಗುತ್ತಿರುತ್ತದೆ. ಮಳೆಯ ಹನಿಯನ್ನಲ್ಲದೆ ಬೇರೆ ನೀರನ್ನು ಮುಟ್ಟದ ಪಕ್ಷಿಯೆಂದು ಕವಿಗಳು ಅದನ್ನು ಕೊಂಡಾಡಿದ್ದಾರೆ. ವಾಸ್ತವದಲ್ಲಿ ಅದು ಕಂಬಳಿಹುಳುಗಳನ್ನು ತಿಂದು ಬಾಳುವ ಕೋಗಿಲೆಯ ಬಂಧು. ಮೊಟ್ಟೆಗಳನ್ನು ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿ ಇಟ್ಟು ಸಾಕುವ ಹೊಣೆಯನ್ನು ಅದಕ್ಕೇ ಹೊರಿಸಿಬಿಡುತ್ತದೆ. ಮಳೆಯೊಡನೆ ಚಿಗುರು, ಚಿಗುರಿನೊಡನೆ ಕಂಬಳಿಹುಳು, ಹುಳುವಿನೊಡನೆ ಚಾತಕ: ಕವಿಸಮಯದ ಹಿಂದಿರುವ ನಿಜ ಇದು. ಕಾವ್ಯದ ಚಾತಕಕ್ಕಿಂತ ಬೇಲಿಯ ಚಾತಕ ಕಡಿಮೆ ಸ್ವಾರಸ್ಯದ್ದೇನೂ ಅಲ್ಲ.

ಮಳೆಗಾಲದ ನಾಯಕನೆಂದರೆ ಗೀಜಗನೇ ಸರಿ. ಬೇಸಗೆಯಲ್ಲಿ ಹೆಣ್ಣುಗುಬ್ಬಿಯಂತೆ ಮಂಕಾಗಿರುವ ಈ ಹಕ್ಕಿಯ ಗಂಡು, ಮುಂಗಾರು ಹಿಡಿಯುತ್ತಲೇ ತಲೆಗೂ ಎದೆಗೂ ಅರಿಸಿನ ಬಳಿದುಕೊಂಡಂತೆ ಹೊಳೆಯತೊಡಗುತ್ತದೆ. ಬಾವಿಯ ಮೇಲೆ ಬಾಗಿದ ಕೊಂಬೆ, ಹಳ್ಳದ ಅಂಚಿನ ಈಚಲು, ಮುಳ್ಳಿನ ಜಾಲಿ ಇವು ಅದಕ್ಕೆ ಮೆಚ್ಚಿನ ತಾಣಗಳು. ಹಾವು ಅಳಿಲುಗಳಿಗೆ ಎಟುಕದಂತೆ ನೀರಿನ ಮೇಲೆ ತೂಗುವುದು ಅದರ ಜಾಣ್ಮೆ. ಹುಲ್ಲಿನ, ತೆಂಗಿನ ಗರಿಯ ಎಳೆಗಳನ್ನು ಸೀಳಿ ತಂದು, ಗಂಟು ಹಾಕಿ, ಹೆಣೆದು, ಮೊದಲು ತಲೆಗವಸಿನ ಆಕಾರದಲ್ಲಿ ಅರ್ಧ ಗೂಡನ್ನು ಕಟ್ಟುತ್ತದೆ. ಆಮೇಲೆ ಹೆಣ್ಣುಗಳು ಬಂದು ಪರೀಕ್ಷಿಸುತ್ತವೆ. ಒಪ್ಪಿದರೆ ಮಾತ್ರ ಗಂಡು ಉಳಿದ ಅರ್ಧವನ್ನೂ ಕೊಳವೆಯಂಥ ಬಾಗಿಲನ್ನೂ ಮುಗಿಸುತ್ತದೆ; ಒಪ್ಪದ ಗೂಡು ಅರೆಬರೆಯಾಗಿ ಗಾಳಿಗೆ ತೂಗುತ್ತ ಉಳಿಯುತ್ತದೆ. ಒಬ್ಬಳು ಮೊಟ್ಟೆಯ ಮೇಲೆ ಕುಳಿತಳೆಂದರೆ ಗಂಡು ಮತ್ತೊಂದು ಗೂಡಿಗೆ ಕೈಹಾಕುತ್ತದೆ. ೧೯೩೦ರಲ್ಲಿ ಸಲೀಂ ಅಲಿಯವರು ಮುಂಬಯಿಯ ಸಮೀಪದ ಕಿಹಿಮ್ ಎಂಬ ಕಡಲತೀರದ ಹಳ್ಳಿಯಲ್ಲಿ ಗೀಜಗನ ಗೂಡುಗಳನ್ನು ದಿನವಿಡೀ ಕಾದು ನೋಡಿ ಈ ಸಂಸಾರದ ಗುಟ್ಟನ್ನು ಬಿಡಿಸಿದರು. ಅವರು ಬಳಸಿದ ಮುಖ್ಯ ಸಾಧನ ಏಣಿಯೊಂದರ ಮೇಲೆ ಕುಳಿತು ನೋಡುವ ತಾಳ್ಮೆ. ಮುಂದೆ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದ್ದೂ, ಅದರ ವಿವರಗಳು ೧೯೪೨-೪೩ರಲ್ಲಿ ಪ್ರಕಟವಾದದ್ದೂ ಕನ್ನಡ ನಾಡಿನ ಪಕ್ಷಿಶಾಸ್ತ್ರಕ್ಕೆ ಗಟ್ಟಿಯಾದ ತಳಹದಿಯನ್ನು ಒದಗಿಸಿದವು.

ಗೀಜಗ ಗೂಡಿಗೆ ಮಿಣುಕುಹುಳುಗಳನ್ನು ತಂದು ಮೆತ್ತಿ ದೀಪ ಮಾಡಿಕೊಳ್ಳುತ್ತದೆಯೆಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಗೂಡಿನೊಳಗೆ ಹಸಿಮಣ್ಣಿನ ಮುದ್ದೆಗಳನ್ನು ಅದು ಮೆತ್ತುವುದು ನಿಜ. ದೀಪದ ಮಾತು ಕಲ್ಪನೆ. ಗೂಡುಗಳು ಹೆಚ್ಚಾಗಿ ಮರದ ಮೂಡಣ ಮಗ್ಗುಲಲ್ಲಿ ಇರುವುದನ್ನು ಯಾರಾದರೂ ಗಮನಿಸಬಹುದು. ನೈರುತ್ಯದ ಮಳೆಗಾಳಿಗೆ ಮರವೇ ಅಡ್ಡವಾಗಿ ನಿಲ್ಲಲೆಂಬ ಲೆಕ್ಕಾಚಾರ ಅದು. ಹೊಲದ ಬದುವಿನ ಈಚಲುಗಳನ್ನೂ ಜಾಲಿಗಳನ್ನೂ ಕಡಿದು ಕಲ್ಲುಕಂಬ ನೆಟ್ಟು ತಂತಿ ಎಳೆದರೆ ಜಮೀನೇನೋ ಒಪ್ಪವಾಗಿ ಕಾಣುತ್ತದೆ. ಗೀಜಗ ಮಾತ್ರ ತಂತಿಗೆ ಗೂಡು ಕಟ್ಟಲೊಪ್ಪದೆ ಬೇರೆ ಮರವನ್ನು ಅರಸಿ ಹೋಗುತ್ತದೆ.

ಮಘೆ, ಹುಬ್ಬೆಗಳ ನಡುವೆ, ಹೊಲದಲ್ಲಿ ರಾಗಿ ಇನ್ನೂ ಹಸುರಾಗಿರುವಾಗಲೇ, ಹಕ್ಕಿಗಳ ಪಂಚಾಂಗದಲ್ಲಿ ಚಳಿಗಾಲದ ಸೂಚನೆ ಕಾಣಿಸಿಕೊಳ್ಳುತ್ತದೆ. ಆಗಸ್ಟ್ ಕಳೆದು ಸೆಪ್ಟೆಂಬರ್ ಹುಟ್ಟುವ ದಿನಗಳಲ್ಲಿ, ಒಂದು ಬೆಳಗ್ಗೆ, ತೋಟದ ಕಾಲುವೆಯ ಬಳಿ ಬಾಲ ಕುಣಿಸುತ್ತ ಓಡಾಡುವ ಬೂದು ಬಣ್ಣದ ಸಿಪಿಲೆಯೊಂದು ಕಾಣುತ್ತದೆ. ಕೆರೆಯಂಚಿನಲ್ಲಿ ವರ್ಷವಿಡೀ ಇರುವ ಕಪ್ಪು ಬಿಳುಪಿನ ದೊಡ್ಡ ಸಿಪಿಲೆ ಈ ನಾಡಿನದೇ ಆದುದು. ಈ ಬೂದು ಸಿಪಿಲೆಯಾದರೋ ಹಿಮಾಲಯದಿಂದಲೋ ಅದಕ್ಕೂ ಆಚೆಯ ನಾಡುಗಳಿಂದಲೋ ಬಂದ ಅತಿಥಿ. ಅದರ ತೂಕ ಸುಮಾರು ೨೦ ಗ್ರಾಂ. ಸಾವಿರಾರು ಕಿಲೋಮೀಟರು ಹಾರಿ ಬಂದ ಆಯಾಸವನ್ನು ಅದು ತೋರಗೊಡುವುದಿಲ್ಲ. ಇದರ ಹಿಂದೆಯೇ ಕವಲುಬಾಲದ ಅಂಬರಗುಬ್ಬಿಗಳು ವಿದ್ಯುತ್ತಂತಿಗಳ ಮೇಲೆ ಸಾಲುಗಟ್ಟುತ್ತವೆ. ಅಕ್ಟೋಬರದಲ್ಲಿ ದೇವರಾಯನದುರ್ಗದ ತಪ್ಪಲಿನಲ್ಲಿ, ನಾಮದ ಚಿಲುಮೆಯ ಸುತ್ತಣ ನೆರಳಿನಲ್ಲಿ, ತರಗೆಲೆ ಕೆದಕುವ ನವರಂಗವನ್ನು ಅದೃಷ್ಟವಿದ್ದವರು ಕಾಣಬಹುದು. ಹಸುರು, ನೀಲಿ, ಕೇಸರಿ, ಕೆಂಪು ಎಲ್ಲವನ್ನೂ ಧರಿಸಿದ ಈ ಹಕ್ಕಿ ಕಣ್ಣಿಗಿಂತ ಕಿವಿಗೆ ಬೇಗ ಸಿಗುತ್ತದೆ: ಮುಂಜಾವು ಮತ್ತು ಮುಸ್ಸಂಜೆಗಳಲ್ಲಿ ಎರಡೇ ಸ್ವರದ ಸಿಳ್ಳು. ತಮಿಳರು ಅದನ್ನು ಆರು ಗಂಟೆಯ ಹಕ್ಕಿ ಎಂದು ಕರೆಯುವುದು ಅದಕ್ಕಾಗಿಯೇ.

ಅದೇ ದುರ್ಗದ ಬಂಡೆಗಳ ನಡುವೆ ಎಲ್ಲಿಗೂ ವಲಸೆ ಹೋಗದ, ಆದರೆ ವಲಸೆಯ ಹಕ್ಕಿಗಳಿಗಿಂತ ವಿರಳವಾದ ಒಂದು ಪಕ್ಷಿಯಿದೆ. ಹಳದಿ ಕೊರಳಿನ ಪಿಕಳಾರವೆಂಬ ಇದು ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇಲ್ಲ. ಬಂಡೆಯ ಸಂದಿನ ಕುರುಚಲು ಗಿಡಗಳೇ ಅದರ ಮನೆ. ಕಲ್ಲುಗುಡ್ಡವನ್ನು ಬರಿಯ ಕಲ್ಲೆಂದು ಎಣಿಸಿ ಒಡೆದು ಸಾಗಿಸುವ ಕಡೆಗಳಲ್ಲಿ ಈ ಹಕ್ಕಿಗೆ ಮತ್ತೊಂದು ವಿಳಾಸವಿಲ್ಲ.

ಕಾರ್ತಿಕದಿಂದ ಮಾಘದವರೆಗೆ ಓದಬೇಕಾದ ಪುಟ ಕೆರೆಯದು. ಜನಪದರು ಹಾಡಿ ಹೊಗಳಿದ ಕುಣಿಗಲ್ಲಿನ ದೊಡ್ಡಕೆರೆ, ಕಡಬದ ಕೆರೆ, ತುಮಕೂರಿನ ಬಳಿಯ ಮೈದಾಳ, ಬುಗುಡನಹಳ್ಳಿಗಳ ಕೆರೆಗಳು, ನಗರದ ಮಗ್ಗುಲಲ್ಲಿಯೇ ಇರುವ ಅಮಾನಿಕೆರೆ: ಇವುಗಳಲ್ಲಿ ಯಾವುದರ ಏರಿಯ ಮೇಲೆ ನಿಂತರೂ ಆ ದಿನಗಳಲ್ಲಿ ನೋಡುವುದಕ್ಕೆ ಕೊರತೆಯಿಲ್ಲ. ನಾಮದಕೋಳಿ, ಗುಳುಮುಳುಕ, ನೀರುಕಾಗೆ, ತಾವರೆ ಎಲೆಯ ಮೇಲೆ ನಡೆದಾಡುವ ದೇವನಕ್ಕಿ ಇವೆಲ್ಲ ಮನೆಮಂದಿ. ಇವರ ನಡುವೆ ಹುಬ್ಬಿನ ಮೇಲೆ ಬಿಳಿಯ ಗೀರೆಳೆದುಕೊಂಡ ಬಾತುಗಳು, ಸೂಜಿಬಾಲದ ಬಾತುಗಳು, ಸಲಿಕೆಯಂಥ ಕೊಕ್ಕಿನ ಬಾತುಗಳು ನಡುನೀರಿನಲ್ಲಿ ಹಗಲೆಲ್ಲ ತೂಕಡಿಸಿ ಸಂಜೆ ಗದ್ದೆಗಳತ್ತ ಹಾರುತ್ತವೆ. ಇವು ಎಲ್ಲಿಂದ ಬರುತ್ತವೆಂಬುದು ಬಹುಕಾಲ ಊಹೆಯ ಮಾತಾಗಿತ್ತು. ೧೯೬೦ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸಾವಿರಾರು ವಲಸೆ ಹಕ್ಕಿಗಳನ್ನು ಹಿಡಿದು ಕಾಲಿಗೆ ಅಂಕಿ ಕೊರೆದ ಉಂಗುರ ತೊಡಿಸಿ ಬಿಟ್ಟರು. ಅಂಥ ಉಂಗುರಗಳಲ್ಲಿ ಕೆಲವು ಅಂದಿನ ಸೋವಿಯತ್ ಒಕ್ಕೂಟದ ದೂರದ ಪ್ರಾಂತಗಳಲ್ಲಿ ಸಿಕ್ಕಿದಾಗ ದಾರಿ ಸ್ಪಷ್ಟವಾಯಿತು. ೧೯೮೭ರಿಂದ ಭಾರತದಲ್ಲಿ ಪ್ರತಿವರ್ಷ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತ ಬಂದಿದೆ. ಎಣಿಸುವವರಲ್ಲಿ ವಿಜ್ಞಾನಿಗಳಿಗಿಂತ ಹವ್ಯಾಸಿಗಳೇ ಹೆಚ್ಚು.

ಕೆರೆಯನ್ನು ಕುರಿತು ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ತುಂಬಿದ ಕೆರೆಯೇ ಒಳ್ಳೆಯ ಕೆರೆ, ಬತ್ತಿದ ಕೆರೆ ದುರದೃಷ್ಟದ್ದು ಎಂಬುದು ರೈತನ ನೋಟ. ಅವನ ಮಟ್ಟಿಗೆ ಅದು ನ್ಯಾಯವೇ. ಹಕ್ಕಿಗಳ ಲೆಕ್ಕ ಬೇರೆ. ಕೆರೆ ತುಂಬಿದಾಗ ಅದು ಮುಳುಗು ಹಾಕುವ ಹಕ್ಕಿಗಳಿಗೂ ಬಾತುಗಳಿಗೂ ಸೇರಿದ್ದು. ಜನವರಿ ಫೆಬ್ರವರಿಗಳಲ್ಲಿ ನೀರು ಮೆಲ್ಲಮೆಲ್ಲನೆ ಇಳಿದು ಅಂಚಿನಲ್ಲಿ ಕೆಸರು ತೆರೆದುಕೊಂಡಾಗ ಗೊರವಗಳೂ ಉಲ್ಲಂಕಿಗಳೂ ಮೆಟ್ಟುಗಾಲು ಹಕ್ಕಿಗಳೂ ಬಂದಿಳಿಯುತ್ತವೆ. ಅವುಗಳ ಆಹಾರವಿರುವುದು ಆ ಕೆಸರಿನೊಳಗೆ. ಮತ್ತಷ್ಟು ಬತ್ತಿ ಅಲ್ಲಲ್ಲಿ ಗುಂಡಿಗಳು ಮಾತ್ರ ಉಳಿದಾಗ ಮೀನುಗಳು ಒತ್ತೊತ್ತಾಗಿ ಸೇರುತ್ತವೆ. ಆಗ ಕೊಕ್ಕರೆಗಳ, ಬಕಗಳ ಸುಗ್ಗಿ. ಕೊನೆಗೆ ಅಂಗಳ ಪೂರ್ತಿ ಒಣಗಿ ಹುಲ್ಲು ಮೊಳೆತರೆ ನೆಲಗುಬ್ಬಿಗಳೂ ಟಿಟ್ಟಿಭಗಳೂ ಅಲ್ಲಿ ಮೊಟ್ಟೆಯಿಡುತ್ತವೆ. ಹೀಗೆ ಒಂದೇ ಕೆರೆ ವರ್ಷದಲ್ಲಿ ನಾಲ್ಕು ಬಗೆಯ ನೆಲೆಯಾಗುತ್ತದೆ. ಹೇಮಾವತಿಯ ನಾಲೆಗಳು ಗೊರೂರಿನ ಜಲಾಶಯದಿಂದ ಈ ಸೀಮೆಗೆ ನೀರು ತಂದಮೇಲೆ ಹಲವು ಕೆರೆಗಳಿಗೆ ಹೊಸ ಜೀವ ಬಂತು. ತುಮಕೂರಿನ ಜನ ಕುಡಿಯುವ ನೀರೂ ಬುಗುಡನಹಳ್ಳಿಯ ಕೆರೆಯಲ್ಲಿ ಶೇಖರವಾಗುವ ಹೇಮಾವತಿಯದೇ. ಅದನ್ನು ಬೇಡವೆನ್ನುವ ಕಠಿಣ ಹೃದಯ ಯಾರಿಗಿದೆ? ಆದರೆ ಅಂಚಿನವರೆಗೆ ಕಲ್ಲು ಕಟ್ಟಿ, ವರ್ಷವಿಡೀ ಒಂದೇ ಮಟ್ಟದಲ್ಲಿ ನೀರು ನಿಲ್ಲಿಸಿ, ಸುತ್ತಲೂ ದೀಪದ ಕಂಬ ನೆಟ್ಟ ಕೆರೆಯಲ್ಲಿ ಕೆಸರಿನ ಪುಟವೂ ಹುಲ್ಲಿನ ಪುಟವೂ ಪಂಚಾಂಗದಿಂದ ಹರಿದುಹೋಗುತ್ತವೆ. ಗೊರವ ಬಂದು ಒಂದು ಸುತ್ತು ಹಾರಿ ನೋಡಿ, ಕಾಲೂರಲು ಅಂಗೈಯಗಲ ಕೆಸರಿಲ್ಲದೆ ಮುಂದಕ್ಕೆ ಹೋಗುತ್ತದೆ. ಊರ ಚರಂಡಿಯನ್ನು ಹರಿಯಬಿಟ್ಟ ಕೆರೆಯ ಕಥೆ ಇನ್ನೂ ಬೇರೆ; ಅಲ್ಲಿ ಅಂತರಗಂಗೆ ಹಬ್ಬಿ ನೀರೇ ಕಾಣದಂತಾಗುತ್ತದೆ.

ಹುಲ್ಲುಗಾವಲಿಗೂ ಇಂಥದೇ ಅಪಾರ್ಥ ತಟ್ಟಿದೆ. ಮರವಿಲ್ಲದ ಕಾವಲನ್ನು ಬೀಳುಭೂಮಿಯೆಂದು ಕರೆದು ನೀಲಗಿರಿಯನ್ನೋ ಅಕೇಶಿಯವನ್ನೋ ನೆಟ್ಟರೆ, ನೆಟ್ಟವರು ಕಾಡು ಬೆಳೆಸಿದೆವೆಂದು ಸಂತೋಷಪಡುತ್ತಾರೆ. ನೆಲಗುಬ್ಬಿ, ಬುರ್ಲಿ, ಗೌಜಲಹಕ್ಕಿಗಳು ಮನೆ ಕಳೆದುಕೊಳ್ಳುತ್ತವೆ. ಹುಲ್ಲುಗಾವಲಿನ ಬೆಲೆಯನ್ನು ಅರಿಯಬೇಕಾದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಬೇಕು. ೨೦೦೭ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಆ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳೊಡನೆ, ಚಳಿಗಾಲದಲ್ಲಿ ಮಧ್ಯ ಏಷ್ಯದಿಂದ ಬಂದು ಹುಲ್ಲಿನ ಮೇಲೆ ತೇಲುವ ಸೆಳೆವಗಳನ್ನೂ ನೋಡಬಹುದು. ೨೦೧೯ರಲ್ಲಿ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು ಚಿಂಕಾರದ ಸಲುವಾಗಿ ವನ್ಯಜೀವಿಧಾಮವಾಯಿತು.

ಹಗಲಿನ ಪಂಚಾಂಗದಂತೆ ರಾತ್ರಿಯದೂ ಒಂದಿದೆ. ತುಮಕೂರಿನಿಂದ ಕುಣಿಗಲ್ಲಿನ ಕಡೆಗೆ ಇರುವ ನಾಗವಲ್ಲಿ ಎಂಬ ಊರು ಕಾಡುಪಾಪಗಳ ನೆಲೆಯೆಂದು ಹೆಸರಾಗಿದೆ. ಕಾಡುಪಾಪ ಬಾಲವಿಲ್ಲದ, ಕಡ್ಡಿಯಂಥ ಕೈಕಾಲುಗಳ, ಕಾಲು ಕಿಲೋ ಆಸುಪಾಸಿನ ತೂಕದ ಪ್ರಾಣಿ. ಮುಖದ ತುಂಬ ಕಣ್ಣುಗಳೇ. ಮಂಗಗಳ ದೂರದ ಬಂಧುವಾದರೂ ಮಂಗದಂತೆ ನೆಗೆಯಲಾರದು. ಒಂದು ಕೊಂಬೆಯನ್ನು ಬಿಡುವ ಮೊದಲು ಇನ್ನೊಂದನ್ನು ಹಿಡಿದಿರಲೇಬೇಕು. ಆದ್ದರಿಂದ ಮರದಿಂದ ಮರಕ್ಕೆ ಕೊಂಬೆ ತಾಗಿಕೊಂಡಿದ್ದರೆ ಮಾತ್ರ ಅದಕ್ಕೆ ದಾರಿ. ಹೊಂಗೆ, ಹಲಸು, ಹುಣಿಸೆಗಳ ಹಳೆಯ ಬೇಲಿಸಾಲೇ ಅದರ ಹೆದ್ದಾರಿ. ನಡುವೆ ನಾಲ್ಕು ಮರ ಕಡಿದರೆ ಅದು ನೆಲಕ್ಕಿಳಿದು ನಾಯಿಗೆ ತುತ್ತಾಗುತ್ತದೆ, ಇಲ್ಲವೆ ತಂತಿಯನ್ನು ಹಿಡಿದು ಸಾಯುತ್ತದೆ. ಮಾಟಮಂತ್ರಗಳ ಮೌಢ್ಯವೂ ಅದನ್ನು ಬಹಳ ಕಾಡಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಹುಲಿ ಆನೆಗಳಿಗೆ ಸಮನಾದ ರಕ್ಷಣೆ ನೀಡಿದೆ. ಕಾಯಿದೆಗಿಂತ ಹತ್ತಿರದ ರಕ್ಷಣೆ ದೊರೆತದ್ದು ಊರಿನ ಪ್ರೌಢಶಾಲೆಯಿಂದ. ಅಲ್ಲಿನ ವಿಜ್ಞಾನದ ಉಪಾಧ್ಯಾಯರೊಬ್ಬರು ಮಕ್ಕಳನ್ನು ಕೂಡಿಕೊಂಡು ಕಾಡುಪಾಪಗಳ ಇರವನ್ನು ಗುರುತಿಸುವ ಕೆಲಸಕ್ಕೆ ತೊಡಗಿದರು. ಮಂದವಾದ ಕೆಂಪು ಬೆಳಕು ಬಿದ್ದಾಗ ಎಲೆಗಳ ನಡುವೆ ಎರಡು ಕೆಂಡಗಳಂತೆ ಹೊಳೆಯುವ ಕಣ್ಣುಗಳನ್ನು ಒಮ್ಮೆ ಕಂಡ ಮಗು, ಅಪಶಕುನದ ಮಾತನ್ನು ಮತ್ತೆ ನಂಬುವುದು ಕಷ್ಟ.

ಶಿವರಾತ್ರಿಯ ಹೊತ್ತಿಗೆ ಮುತ್ತುಗ ಎಲೆ ಉದುರಿಸಿ ಕೆಂಡದಂತೆ ಅರಳುತ್ತದೆ. ಬೂರುಗವೂ ಹಿಂದೆ ಬೀಳುವುದಿಲ್ಲ. ಆ ಹೂಗಳ ಮಕರಂದಕ್ಕಾಗಿ ಸೂರಕ್ಕಿ, ಗೊರವಂಕ, ಕಾಜಾಣಗಳೊಡನೆ ಗುಲಾಬಿ ಕಬ್ಬಕ್ಕಿಗಳ ಗುಂಪುಗಳು ಮುತ್ತುತ್ತವೆ. ಮಧ್ಯ ಏಷ್ಯದ ಈ ಹಕ್ಕಿಗಳು ಜೋಳದ ಕಾಲದಲ್ಲಿ ರೈತನ ಬೈಗುಳ ತಿಂದರೂ, ತಮ್ಮ ನಾಡಿನಲ್ಲಿ ಮಿಡತೆಗಳನ್ನು ರಾಶಿರಾಶಿಯಾಗಿ ಮುಗಿಸುವ ಉಪಕಾರಿಗಳು. ವಸಂತದಲ್ಲಿ ಕೋಗಿಲೆ ಕೂಗತೊಡಗಿದಾಗ ಅದು ಎಲ್ಲಿಂದಲೋ ಬಂತೆಂದು ಜನ ಭಾವಿಸುವುದುಂಟು. ಅದು ಎಲ್ಲಿಗೂ ಹೋಗಿರಲಿಲ್ಲ. ಚಳಿಗಾಲವೆಲ್ಲ ಅದೇ ಆಲದ ಮರದಲ್ಲಿ ಹಣ್ಣು ತಿನ್ನುತ್ತ ಮೌನವಾಗಿತ್ತು. ಕಾಗೆ ಗೂಡು ಕಟ್ಟುವ ಕಾಲ ಬಂದಾಗ ಕೋಗಿಲೆಗೆ ದನಿ ಬರುತ್ತದೆ.

ಬೇಸಗೆಯ ನಡುಹಗಲಿನಲ್ಲಿ ಉತ್ತ ಹೊಲದ ನಡುವೆ ಟಿಟ್ಟಿಭ ಕಾವು ಕುಳಿತಿರುತ್ತದೆ. ಆ ಹೊತ್ತಿನಲ್ಲಿ ಮೊಟ್ಟೆಗೆ ಬೇಕಾದುದು ಕಾವಲ್ಲ, ನೆರಳು. ಹಕ್ಕಿ ಆಗಾಗ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುತ್ತದೆ. ಇದೇ ಕಾಲಕ್ಕೆ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಮರಿಗಳಿಗೆ ರೆಕ್ಕೆ ಹರಡಿ ನೆರಳು ಹಿಡಿದು ನಿಂತಿರುತ್ತವೆ. ಮನೆಗಳ ನಡುವಣ ಆ ಮರಗಳನ್ನು ಊರವರು ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದರು. ಹೊರಗಿನವರಿಗೆ ಈ ಸಂಗತಿ ತಿಳಿದದ್ದು ೧೯೯೯ರಲ್ಲಿ, ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನ ಉತ್ಸಾಹಿಗಳ ಮೂಲಕ. ಹುಣಿಸೆಯ ಫಸಲು ಕೈಬಿಡುವುದು ಒಣನೆಲದ ಸಂಸಾರಕ್ಕೆ ಸಣ್ಣ ನಷ್ಟವಲ್ಲ.

ಗುಬ್ಬಿಯ ಮಾತನ್ನು ಆಡದೆ ಈ ಸೀಮೆಯ ಹಕ್ಕಿಗಳ ಪ್ರಸ್ತಾಪ ಪೂರ್ಣವಾಗದು. ವೀರಣ್ಣನವರ ನಾಟಕ ಕಂಪನಿಯಿಂದ ನಾಡಿಗೆಲ್ಲ ಪರಿಚಿತವಾದ ಆ ಊರಿನ ಹೆಸರಿಗೆ, ಪುರಾಣ ಕೇಳಲು ಬರುತ್ತಿದ್ದ ಗುಬ್ಬಚ್ಚಿಗಳ ಐತಿಹ್ಯವೊಂದು ಅಂಟಿಕೊಂಡಿದೆ. ಗುಬ್ಬಚ್ಚಿಗಳು ನಾಡಿನಿಂದಲೇ ಕಣ್ಮರೆಯಾದವೆಂಬ ಕೊರಗು ಎಲ್ಲೆಡೆ ಕೇಳಿಬರುತ್ತಿದೆ. ದೇಶದಾದ್ಯಂತ ಹವ್ಯಾಸಿಗಳು ಬರೆದಿಟ್ಟ ಲಕ್ಷಾಂತರ ಟಿಪ್ಪಣಿಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಬೇರೊಂದು ಚಿತ್ರವನ್ನು ಕೊಟ್ಟಿತು: ಮಹಾನಗರಗಳಲ್ಲಿ ಗುಬ್ಬಚ್ಚಿ ಕಡಿಮೆಯಾಗಿರುವುದು ನಿಜ, ಒಟ್ಟು ದೇಶದಲ್ಲಿ ಅದರ ಸಂಖ್ಯೆ ಇಪ್ಪತ್ತೈದು ವರ್ಷಗಳಿಂದ ಹೆಚ್ಚುಕಡಿಮೆ ಸ್ಥಿರವಾಗಿದೆ. ಹೆಂಚಿನ ಮನೆಯ ಸಂದು, ಅಂಗಳದಲ್ಲಿ ಹರಡಿದ ಕಾಳು, ಮರಿಗೆ ಉಣಿಸಲು ಹುಳು ಇರುವಲ್ಲಿ ಅದು ಇದ್ದೇ ಇದೆ. ಸುತ್ತ ನೋಡಿ ಆದ ಬೇಸರಕ್ಕೂ ಎಣಿಸಿ ಬರೆದ ಅಂಕಿಗೂ ಇರುವ ವ್ಯತ್ಯಾಸ ಇಂಥದು.

ಬರೆಯುವುದೇನೂ ದೊಡ್ಡ ವಿದ್ಯೆಯಲ್ಲ. ದಿನಾಂಕ, ಹೊತ್ತು, ಸ್ಥಳ, ಹಕ್ಕಿಯ ಹೆಸರು, ಸಂಖ್ಯೆ, ಅದು ಮಾಡುತ್ತಿದ್ದ ಕೆಲಸ ಇಷ್ಟೇ ಸಾಕು. ಹೆಸರು ತಿಳಿಯದಿದ್ದರೆ ಕೊಕ್ಕು, ಕಾಲು, ಬಾಲಗಳ ಒಂದು ಗೆರೆಚಿತ್ರ ಸಾಕಾಗುತ್ತದೆ. ಕಾಣದಿದ್ದುದನ್ನೂ ಬರೆಯಬೇಕು, ಬರಬೇಕಾಗಿದ್ದ ಹಕ್ಕಿ ಬಾರದಿದ್ದರೆ ಅದೂ ಒಂದು ಸುದ್ದಿಯೇ. ಒಂದು ವರ್ಷದ ಬರಹ ಕುತೂಹಲಕ್ಕೆ ಸಾಲುತ್ತದೆ, ಹತ್ತು ವರ್ಷದ್ದು ವಿಜ್ಞಾನಕ್ಕೆ ಸಲ್ಲುತ್ತದೆ. ಮಾರ್ಚ್ ಕಳೆದು ಏಪ್ರಿಲ್ ಬಂದಾಗ ಕುಣಿಗಲ್ಲಿನ ಕೆರೆಯ ಬಾತುಗಳು ರಾತ್ರೋರಾತ್ರಿ ಉತ್ತರಕ್ಕೆ ಹಾರಿಹೋಗುತ್ತವೆ. ಅವು ಹೊರಟ ದಿನವನ್ನು ಕಂಡವರಾರೂ ಇರುವುದಿಲ್ಲ. ಏರಿಯ ಮೇಲೆ ಬಂದು ನಿಂತವನು ನೀರಿನ ಮೇಲೆ ನಾಮದಕೋಳಿಗಳನ್ನು ಮಾತ್ರ ಎಣಿಸಿ, ಹಿಂದಿನ ಭಾನುವಾರದ ತಾರೀಖನ್ನೇ ಬಾತುಗಳು ಕೊನೆಯ ಸಲ ಕಂಡ ದಿನವೆಂದು ಪುಸ್ತಕದಲ್ಲಿ ಗುರುತು ಹಾಕುತ್ತಾನೆ.